ಸೋವಿ ಕಣ್ಣೀರು

ಕೌಬಾಯ್ ಕಾದಂಬರಿ ಅಂದಕೂಡಲೇ ನಮಗೆ ಅಮೆರಿಕ ನೆನಪಾಗುತ್ತದೆ. ಆದರೆ ಅಮೆರಿಕದ ಮೂಲನಿವಾಸಿಗಳ ಸಾವನ್ನು ಕಥೆ ಮಾಡಿ ಮಾರುವುದರಲ್ಲಿ ಜರ್ಮನರು ಯಾರಿಗೂ ಕಮ್ಮಿ ಇಲ್ಲ. ಕಾರ್ಲ್ ಮೇ ಎಂಬೊಬ್ಬನ ಪುಸ್ತಕಗಳೇ ಲೋಕದಲ್ಲೆಲ್ಲ ಸೇರಿ 20 ಕೋಟಿ ಪ್ರತಿ ಖರ್ಚಾಗಿವೆ ಅಂತ ಅಂದಾಜು. ಅವನ ನಂತರ ಬಂದ ಜಿ. ಎಫ್. ಉಂಗರ್ (1921–2005) 700ಕ್ಕೂ ಹೆಚ್ಚು ಕೌಬಾಯ್ ಕಾದಂಬರಿ ಬರೆದ. ಸಿಗರೇಟು, ಪೇಪರಿನ ಜೊತೆ ಅಂಗಡಿಯಲ್ಲಿ ಸಿಗುವ ತೆಳು ಪುಸ್ತಕಗಳು. ಪ್ರಕಾಶಕರ ಲೆಕ್ಕದಲ್ಲಿ 25 ಕೋಟಿ ಪ್ರತಿ.

ಉಂಗರ್ ವ್ಯಾಪಾರಿ. ಅವನ ಜೊತೆ ನನಗೆ ಜಗಳವಿಲ್ಲ. ನನ್ನ ಜಗಳ ಕಾರ್ಲ್ ಮೇ ಜೊತೆ. ಯಾಕೆಂದರೆ ಅವನು ನಮ್ಮವನು.

1842ರಲ್ಲಿ ಸ್ಯಾಕ್ಸನಿ ಸೀಮೆಯ ಎರ್ನ್ಸ್ಟ್‌ಥಾಲ್ ಎಂಬ ಊರಲ್ಲಿ ಬಡ ನೇಕಾರನ ಮನೆಯಲ್ಲಿ ಹುಟ್ಟಿದ. ಆ ತಾಯಿ ಹೆತ್ತ ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಎಳೆಗೂಸುಗಳಾಗಿರುವಾಗಲೇ ಸತ್ತವು. ಇವನು ಹೇಗೋ ಓದಿ ಮೇಷ್ಟ್ರಾದ. ಆಮೇಲೆ ಕಳ್ಳತನ, ಮೋಸ ಅಂತ ಸಿಕ್ಕಿಬಿದ್ದು ಏಳೆಂಟು ವರ್ಷ ಜೈಲಿನಲ್ಲಿ ಕೊಳೆತ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಇವನ ಹಸಿವು, ಇವನ ಅವಮಾನ ಎಂಥದು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಕಳ್ಳತನಕ್ಕೆ ನಾನು ಅವನನ್ನು ಬೈಯೋದಿಲ್ಲ. ಜೈಲಿನಿಂದ ಬಂದಮೇಲೆ ಮಾಡಿದ ಕಳ್ಳತನಕ್ಕೆ ಬೈಯುತ್ತೇನೆ.

ಇನ್ನೊಬ್ಬರ ಬದುಕನ್ನೇ ಕದ್ದು ಉಟ್ಟುಕೊಂಡ. ತನ್ನ ಕಥಾನಾಯಕ ಓಲ್ಡ್ ಶಾಟರ್‌ಹ್ಯಾಂಡ್ ತಾನೇ ಅಂದ. ಬರೆದಿದ್ದೆಲ್ಲ ಕಣ್ಣಾರೆ ಕಂಡಿದ್ದು ಅಂದ. ಬೇಟೆಗಾರನ ವೇಷ ಹಾಕಿ ಫೋಟೊ ತೆಗೆಸಿಕೊಂಡ. ಆಗಿನ್ನೂ ಅಮೆರಿಕದ ನೆಲವನ್ನೇ ಮೆಟ್ಟಿರಲಿಲ್ಲ!

1893ರಲ್ಲಿ ಅವನ ‘ವಿನ್ನೆಟೂ’ ಬಂತು. ವಿನ್ನೆಟೂ ಅಪಾಚೆ ಬುಡಕಟ್ಟಿನ ನಾಯಕ, ಸುಂದರ, ಗುಣವಂತ. ಅವನಿಗೆ ವಿದ್ಯೆ ಕಲಿಸಿದವನು ಜರ್ಮನ್. ಅವನ ರಕ್ತಬಂಧುವೂ ಜರ್ಮನ್. ಮೂರನೇ ಭಾಗದಲ್ಲಿ ಕ್ರೈಸ್ತನಾಗಿ ಸಾಯುತ್ತಾನೆ. ಈ ಜನಾಂಗವೇ ಸಾಯುತ್ತಿದೆ ಅಂತ ಮೇ ಮುನ್ನುಡಿಯಲ್ಲೇ ಮರುಗುತ್ತಾನೆ. ಓದಿದ ಮನೆಮನೆಯೂ ಅತ್ತಿತು.

ಸ್ವಾಮಿ, ಆಗ ನಿಜವಾದ ಅಪಾಚೆಗಳು ಎಲ್ಲಿದ್ದರು? 1886ರಲ್ಲಿ ಜೆರೊನಿಮೊ ಶರಣಾದ ಮೇಲೆ ಅವನ ಜನರನ್ನು ರೈಲಿಗೆ ತುಂಬಿ ದೂರದ ಫ್ಲಾರಿಡಾಕ್ಕೆ ಸಾಗಿಸಿದರು. ಸರ್ಕಾರದ ಸೈನ್ಯಕ್ಕೆ ದಾರಿ ತೋರಿಸಿದ ಅಪಾಚೆಗಳನ್ನೂ ಬಿಡಲಿಲ್ಲ. ಮುಂದೆ 27 ವರ್ಷ ಅವರು ಯುದ್ಧಕೈದಿಗಳು. ಮುದುಕ ಜೆರೊನಿಮೊ ತನ್ನ ಕಥೆ ತಾನೇ ಹೇಳುತ್ತೇನೆ ಅಂದಾಗ ಸೈನ್ಯದವರು ಒಪ್ಪಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟರ ಅಪ್ಪಣೆ ಆಗಬೇಕಾಯಿತು. ಪುಸ್ತಕ 1906ರಲ್ಲಿ ಬಂತು. 1908ರಲ್ಲಿ ಮೇ ಮೊದಲ ಸಲ ಅಮೆರಿಕಕ್ಕೆ ಹೋದ. ನಯಾಗರದ ಆಸುಪಾಸು ನೋಡಿಕೊಂಡು ವಾಪಸ್ ಬಂದ. ಜೆರೊನಿಮೊ ಆಗ ಇನ್ನೂ ಬದುಕಿದ್ದ, ಒಕ್ಲಹೋಮದ ಫೋರ್ಟ್ ಸಿಲ್‌ನಲ್ಲಿ, ಕೈದಿಯಾಗಿ. ಮರುವರ್ಷ ಕೈದಿಯಾಗಿಯೇ ಸತ್ತ. ಇಲ್ಲದ ಅಪಾಚೆಗೆ ಊರೆಲ್ಲ ಕಣ್ಣೀರು. ಇರುವ ಅಪಾಚೆ ಬಾಯಿ ತೆರೆಯಬೇಕಾದರೆ ದೊರೆಯ ಅಪ್ಪಣೆ!

ಹೋಗಲಿ, ತನ್ನ ಕುಲದವರ ಕಥೆ? 1844ರಲ್ಲಿ ಸಿಲೇಸಿಯಾದ ನೇಕಾರರು ಕೂಲಿಗಾಗಿ ದಂಗೆ ಎದ್ದಾಗ ಸೈನಿಕರು ಗುಂಡು ಹಾರಿಸಿ ಕೊಂದರು. ಅದನ್ನು ಗೆರ್ಹಾರ್ಟ್ ಹೌಪ್ಟ್‌ಮನ್ ‘ನೇಕಾರರು’ ಅಂತ ನಾಟಕ ಮಾಡಿದ. 1892ರಲ್ಲಿ ಬರ್ಲಿನ್ ಪೊಲೀಸರು ಅದನ್ನು ಸಾರ್ವಜನಿಕವಾಗಿ ಆಡಕೂಡದು ಅಂತ ತಡೆದರು. ಮರುವರ್ಷ ಬಂದ ವಿನ್ನೆಟೂವನ್ನು ಯಾವ ಪೊಲೀಸನೂ ತಡೆಯಲಿಲ್ಲ. ಯಾಕೆ ತಡೆಯಬೇಕು? ಸಮುದ್ರದಾಚೆ ಸತ್ತವನಿಗೆ ಅತ್ತರೆ ಮಗ್ಗದ ಯಜಮಾನ ಒಂದು ಕಾಸು ಕೂಲಿ ಹೆಚ್ಚು ಕೊಡಬೇಕಿಲ್ಲ. ಮೇ ಕೂಡ ತನ್ನ ಸೀಮೆಯ ಬಡ ನೇಕಾರರ ಕಥೆ ಬರೆದದ್ದುಂಟು. ಅದರಿಂದ ಬಂಗಲೆ ಬರಲಿಲ್ಲ. ಬಂದ ಬಂಗಲೆಯ ಹೆಸರು ‘ವಿಲ್ಲಾ ಶಾಟರ್‌ಹ್ಯಾಂಡ್’.

ವಿನ್ನೆಟೂಗೆ ಅತ್ತ ಅದೇ ದೇಶದ ಸೈನ್ಯ 1904ರಿಂದ 1908ರವರೆಗೆ ಇಂದಿನ ನಮೀಬಿಯಾದಲ್ಲಿ ಹೆರೆರೊ, ನಾಮ ಜನರನ್ನು ಹತ್ತಾರು ಸಾವಿರ ಲೆಕ್ಕದಲ್ಲಿ ಕೊಂದಿತು. ಮರುಭೂಮಿಗೆ ಅಟ್ಟಿ ನೀರಿಲ್ಲದೆ ಸಾಯಿಸಿತು. ಜರ್ಮನ್ ಸರ್ಕಾರ ಅದನ್ನು ನರಮೇಧ ಅಂತ ಒಪ್ಪಿಕೊಂಡದ್ದು 2021ರಲ್ಲಿ. ಮೇ ಕಥೆ ಓದಿ ಕೊಂದರು ಅಂತ ನಾನು ಹೇಳುತ್ತಿಲ್ಲ. ಅವನು 1904ರಲ್ಲಿ ಶಾಂತಿಯ ಪರವಾಗಿ ಒಂದು ಕಾದಂಬರಿಯನ್ನೇ ಪ್ರಕಟಿಸಿದ, ಒಪ್ಪುತ್ತೇನೆ. ಆ ಕಣ್ಣೀರು ಒಂದು ಕೋವಿಯನ್ನೂ ತಡೆಯಲಿಲ್ಲ ಅಂತ ಹೇಳುತ್ತಿದ್ದೇನೆ. 2022ರಲ್ಲಿ ಪ್ರಕಾಶಕರೊಬ್ಬರು ವಿನ್ನೆಟೂ ಹೆಸರಿನ ಮಕ್ಕಳ ಪುಸ್ತಕ ಹಿಂದಕ್ಕೆ ತೆಗೆದುಕೊಂಡಾಗ ನಮ್ಮ ಬಾಲ್ಯ ಕಿತ್ತುಕೊಂಡರು ಅಂತ ಜರ್ಮನಿಯಲ್ಲಿ ದೊಡ್ಡ ಗಲಾಟೆ. ಪುಸ್ತಕ ಸುಡಿ ಅನ್ನುವವನು ನಾನಲ್ಲ. ಆದರೆ ಕಿತ್ತುಕೊಂಡ ನೆಲದ ಬಗ್ಗೆ ಆ ಗಲಾಟೆಯ ಅರ್ಧದಷ್ಟಾದರೂ ಆಗಿದೆಯೇ?

ಗೆಳೆಯರೇ, ಇದನ್ನು ನಿಮಗೆ ಯಾಕೆ ಹೇಳಿದೆ? ನಮ್ಮ ಕೇರಿಯವನನ್ನೂ ಕಥೆಯಲ್ಲಿ ಚೆಂದ ಮಾಡಿ ಸಾಯಿಸಿ ಅತ್ತವರಿದ್ದಾರೆ. ಅದೇ ಕೇರಿಯವನು ಪೆನ್ನು ಹಿಡಿದರೆ ‘ಕಲೆ ಎಲ್ಲಿದೆಯಪ್ಪಾ?’ ಅನ್ನುತ್ತಾರೆ. ಅವರ ಭಯ ನನಗಿಲ್ಲ. ನನಗೆ ಭಯ ನನ್ನದೇ. ಓದು ಬಂತು, ನಾಲ್ಕು ಜನ ಚಪ್ಪಾಳೆ ತಟ್ಟಿದರು, ಅಪ್ಪನ ಬೆವರು ಮರೆತು ಅವರಿಗೆ ಬೇಕಾದ ವೇಷ ಹಾಕಿಬಿಡೋದು ಎಷ್ಟು ಹೊತ್ತಿನ ಕೆಲಸ? ನೇಕಾರನ ಮಗ ಹಾಕಲಿಲ್ಲವೇ? ಬಂಗಲೆಯವರು ಕೂತಲ್ಲೇ ಹಾಯಾಗಿ ಅಳುವಂಥದ್ದನ್ನು ನಾನು ಬರೆದ ದಿನ, ನೀವೇ ಬಂದು ನನ್ನ ಕೈ ಹಿಡಿದು ನಿಲ್ಲಿಸಿ.