ಕೊಲ್ಲುವುದೋ, ಹಿಡಿತ ಬಿಡಿಸುವುದೋ

ಹೊರನಾಡಿನ ನಮ್ಮ ಮನೆಗಳಲ್ಲಿ ಹೆಂಗಸರು ಸುಲಭಕ್ಕೆ ಬಾಯಿಬಿಡದ ಕಾಯಿಲೆಗಳಲ್ಲಿ ಮೂತ್ರದ ಸೋಂಕೂ ಒಂದು. ಪರಭಾಷೆಯ ವೈದ್ಯರೆದುರು ಉರಿ, ನೋವು ಎಂದು ವಿವರಿಸುವುದಕ್ಕಿಂತ, ಹಳೆಯ ಚೀಟಿ ಕಳಿಸಿ ಔಷಧದಂಗಡಿಯಿಂದ ಅದೇ ಆ್ಯಂಟಿಬಯಾಟಿಕ್ ತರಿಸಿಕೊಳ್ಳುವುದು ಅವರಿಗೆ ಹಗುರ. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಅಷ್ಟು ಸಾಕು ಎಂಬುದು ನಮ್ಮೆಲ್ಲರ ನಂಬಿಕೆ. ಆ ನಂಬಿಕೆಯನ್ನು ತುಸು ಕೆದಕಬೇಕೆನಿಸಿದೆ.

ಇಂಥ ಸೋಂಕುಗಳಲ್ಲಿ ಬಹುಪಾಲಿಗೆ ಕಾರಣವಾದ ಇ. ಕೋಲಿ ಬ್ಯಾಕ್ಟೀರಿಯಾ ಮೊದಲು ಮಾಡಬೇಕಾದದ್ದು ಹಿಡಿದುಕೊಳ್ಳುವ ಕೆಲಸ. ಇಲ್ಲದಿದ್ದರೆ ಮೂತ್ರದ ಹರಿವಿನಲ್ಲೇ ಅದು ಕೊಚ್ಚಿಹೋಗುತ್ತದೆ. ಹಿಡಿಯುವ ಕೈ ಇರಬೇಕಾದದ್ದು ಜೀವಕೋಶದ ಹೊರಗೆ. ಅದರ ಪ್ರೋಟೀನುಗಳು ತಯಾರಾಗುವುದು ಒಳಗೆ. ನಡುವೆ ಎರಡು ಪೊರೆಗಳಿವೆ. ಹೊಸ ಪ್ರೋಟೀನಿನ ತುದಿಯಲ್ಲಿ ವಿಳಾಸದ ಚೀಟಿಯಂಥ ತುಣುಕೊಂದಿರುತ್ತದೆ. ಪ್ರೋಟೀನುಗಳಲ್ಲಿ ಇಂಥ ವಿಳಾಸಗಳಿವೆಯೆಂದು ತೋರಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರ ನೊಬೆಲ್ ಸಂದಿತು. ಚೀಟಿ ಹೊತ್ತ ಎಳೆ, ಇನ್ನೂ ಮಡಿಚಿಕೊಳ್ಳದೆ, ಒಳಪೊರೆಯ ಕಾಲುವೆಯಲ್ಲಿ ಹಾಯುತ್ತದೆ. ಆಮೇಲೆ ಚೀಟಿಯನ್ನು ಕತ್ತರಿಸಿ ಹಾಕಲಾಗುತ್ತದೆ.

ಮುಂದಿನ ಹಂತವೇ ಸೊಗಸು. ಎರಡು ಪೊರೆಗಳ ನಡುವೆ ಬಂದ ಈ ಬಿಡಿಭಾಗಗಳು ಅಪೂರ್ಣ. ಪ್ರತಿಯೊಂದರ ಮಡಿಕೆಯಲ್ಲೂ ಒಂದು ಎಳೆ ಕೊರತೆ. ಆ ಬಿರುಕಿಗೆ ಫಿಮ್‌ಸಿ ಎಂಬ ಪ್ರೋಟೀನು ತನ್ನದೊಂದು ಎಳೆಯನ್ನು ಕಡ ಕೊಟ್ಟು, ಹೊರಪೊರೆಯ ಬಾಗಿಲಾದ ಫಿಮ್‌ಡಿಯವರೆಗೆ ಕರೆತರುತ್ತದೆ. ಅಲ್ಲಿ ಮುಂದೆ ಬರುವ ಭಾಗ ತನ್ನ ಬಾಲವನ್ನು ಹಿಂದಿನದರ ಬಿರುಕಿಗೆ ತೂರಿಸಿದಾಗ ಕಡ ಕೊಟ್ಟವರು ಹಿಂದೆ ಸರಿಯುತ್ತಾರೆ. ವಿಜ್ಞಾನಿಗಳು ಮೊದಲನೆಯದನ್ನು 'ಶಾಪರೋನ್' ಎಂದೂ ಎರಡನೆಯದನ್ನು 'ಅಶರ್' ಎಂದೂ ಕರೆದರು. ಹಳೆಯ ಇಂಗ್ಲಿಷ್ ಕಾದಂಬರಿ ಓದಿದವರಿಗೆ ನಗು ಬಂದೀತು: ಮದುವೆಯಾಗದ ಹುಡುಗಿಯ ಜೊತೆ ಬರುವ ಹಿರಿಯಾಕೆ, ಬಾಗಿಲಲ್ಲಿ ನಿಂತು ಒಳಗೆ ಕರೆದೊಯ್ಯುವವನು. ಇಲ್ಲಿ ಮಾತ್ರ ಅವನು ಹೊರಗೆ ಕಳಿಸುತ್ತಾನೆ.

ಮೊದಲು ಹೊರಬರುವ ಫಿಮ್‌ಎಚ್ ಬೆಳೆಯುವ ರೋಮದ ತುದಿಯಲ್ಲಿ ಕೂತು, ಮೂತ್ರಕೋಶದ ಒಳಗೋಡೆಯ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುತ್ತದೆ. ಹರಿವು ಎಳೆದಷ್ಟೂ ಅದರ ಹಿಡಿತ ಬಿಗಿಯಾಗುತ್ತದೆ.

ಹಾಗಾದರೆ ಕೊಲ್ಲುವ ಬದಲು ಹಿಡಿತವನ್ನೇ ತಪ್ಪಿಸಬಾರದೇ? ಆ್ಯಂಟಿಬಯಾಟಿಕ್ ಕರುಳಿನ ನಿರಪರಾಧಿಗಳನ್ನೂ ಬಲಿ ತೆಗೆದುಕೊಂಡು, ಬದುಕುಳಿದ ಗಟ್ಟಿಗರಿಗೆ ಜಾಗ ಬಿಟ್ಟುಕೊಡುತ್ತದೆ. ಮ್ಯಾನೋಸನ್ನು ಹೋಲುವ, ಆದರೆ ಫಿಮ್‌ಎಚ್‌ಗೆ ಇನ್ನೂ ಬಲವಾಗಿ ಅಂಟುವ ಅಣುಗಳು ಇಲಿಗಳಲ್ಲಿ ಈ ಇ. ಕೋಲಿಯನ್ನು ತಗ್ಗಿಸಿವೆ; ಕರುಳಿನ ಇತರ ಬ್ಯಾಕ್ಟೀರಿಯಾಗಳನ್ನು ಹೆಚ್ಚು ಕದಡಿಲ್ಲ. ಹಣವೂ ತಾಳ್ಮೆಯೂ ಸಲ್ಲಬೇಕಾದ ದಾರಿ ಇದೆಂದು ನಾವು ದೃಢವಾಗಿ ನಂಬುತ್ತೇವೆ.

ಆದರೆ ವ್ಯಾಪಾರಕ್ಕೆ ತಾಳ್ಮೆಯಿಲ್ಲ. ಮ್ಯಾನೋಸ್ ಪುಡಿ ಈಗಾಗಲೇ ಪೊಟ್ಟಣಗಳಲ್ಲಿ ಮಾರಾಟವಾಗುತ್ತಿದೆ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ, ಪದೇ ಪದೇ ಸೋಂಕಿಗೀಡಾಗುತ್ತಿದ್ದ ಸುಮಾರು 600 ಮಹಿಳೆಯರಲ್ಲಿ ಕೆಲವರಿಗೆ ಆರು ತಿಂಗಳು ಮ್ಯಾನೋಸನ್ನೂ ಉಳಿದವರಿಗೆ ಬರಿಯ ಫ್ರಕ್ಟೋಸನ್ನೂ ಕೊಟ್ಟರು. ಎರಡೂ ಗುಂಪುಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸೋಂಕಿನ ಶಂಕೆಯಿಂದ ಮತ್ತೆ ವೈದ್ಯರ ಬಳಿ ಹೋಗಬೇಕಾಯಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯ ಸಕ್ಕರೆ ಸೋತಿತೆಂದು ಆಲೋಚನೆಯೇ ಸೋತಿತೆನ್ನಲಾಗದು. ಆದರೂ ಅರೆಬೆಂದ ಜ್ಞಾನವನ್ನು ಮದ್ದೆಂದು ಮಾರುವವರು ಆ ಆಲೋಚನೆಗೇ ಕೆಟ್ಟ ಹೆಸರು ತರುತ್ತಾರೆ, ಅದು ನಮ್ಮ ಸಿಟ್ಟು.

ಅಲ್ಲಿಯವರೆಗೆ ಆ್ಯಂಟಿಬಯಾಟಿಕ್ ಬೇಕೇ ಬೇಕು. ಸೋಂಕು ಮೂತ್ರಪಿಂಡಕ್ಕೆ ಏರಿದರೆ ತಡಮಾಡುವಂತಿಲ್ಲ. ಮತ್ತೆ ಮತ್ತೆ ಮರುಕಳಿಸುವಾಗ ಮಾತ್ರ, ಹಳೆಯ ಚೀಟಿಯನ್ನು ಅಂಗಡಿಗೆ ಕಳಿಸುವ ಮುನ್ನ, ಮೂತ್ರದ ಕಲ್ಚರ್ ಮಾಡಿಸಿ ಯಾವ ಔಷಧಕ್ಕೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆಂದು ತಿಳಿಯುವುದು ಲೇಸು. ವೈದ್ಯರಿಗೆ ಅದನ್ನು ಹೇಳಲು ಆ ಊರಿನ ಭಾಷೆ ಚೆನ್ನಾಗಿ ಬಲ್ಲ ಮನೆಯವರೊಬ್ಬರು ಜೊತೆಗೆ ಹೋಗಲಿ.