ಕಲ್ಲು ಕಡೆದವರು ಆಕಾಶದಿಂದ ಇಳಿದರೆ?

ಈಚೆಗೆ ನಮ್ಮ ನಡುವೆ ಹೊಸ ಪುರಾಣವೊಂದು ಹಬ್ಬುತ್ತಿದೆ. ಹಳೆಯ ಪುರಾಣ ಹೇಳಲು ಒಬ್ಬ ಶಾಸ್ತ್ರಿ, ಒಂದು ಜಗಲಿ, ಕೇಳಲು ನಾಲ್ಕು ಜನ ಬೇಕಾಗುತ್ತಿತ್ತು. ಹೊಸ ಪುರಾಣಕ್ಕೆ ಕೈಯಲ್ಲಿ ಮೊಬೈಲೊಂದಿದ್ದರೆ ಸಾಕು. ಗಿರಣಿಯ ಪಾಳಿ ಮುಗಿಸಿ ಚಹದಂಗಡಿಗೆ ಬಂದವರೂ, ಗಿರಾಕಿಯಿಲ್ಲದ ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರೂ ಅದನ್ನು ನೋಡುತ್ತಾರೆ, ಬಾಯಿ ತೆರೆದು ಬೆರಗಾಗುತ್ತಾರೆ, ಇನ್ನೊಬ್ಬರಿಗೆ ಕಳುಹಿಸುತ್ತಾರೆ. ಪುರಾಣದ ಸಾರ ಇಷ್ಟೆ: ಸಾವಿರಾರು ವರ್ಷಗಳ ಹಿಂದೆ ಬೇರೆ ಲೋಕದ ಜೀವಿಗಳು ವಿಮಾನಗಳಲ್ಲಿ ಭೂಮಿಗೆ ಇಳಿದರು, ಈಜಿಪ್ತಿನ ಪಿರಮಿಡ್ಡುಗಳನ್ನು ಕಟ್ಟಿದವರು ಅವರು, ಎಲ್ಲೋರದ ಕೈಲಾಸವನ್ನು ಕೊರೆದವರು ಅವರು, ನಮ್ಮ ಹಳೇಬೀಡಿನ ಕಂಬಗಳನ್ನು ಯಂತ್ರದಲ್ಲಿ ಕಡೆದವರೂ ಅವರೇ. ಇದೆಲ್ಲ ಮನುಷ್ಯನ ಕೈಯಿಂದ ಆಗುವ ಕೆಲಸವಲ್ಲ!

ಈ ಕಡೆಯ ಮಾತನ್ನು ಓದುಗರು ಇನ್ನೊಮ್ಮೆ ಓದಬೇಕೆಂದು ನಮ್ಮ ವಿನಂತಿ. ಮನುಷ್ಯನ ಕೈಯಿಂದ ಆಗುವ ಕೆಲಸವಲ್ಲವಂತೆ! ಉಳಿ ಹಿಡಿದು ಒಂದು ಗೇಣು ಕಲ್ಲನ್ನಾದರೂ ಕೆತ್ತಿ ನೋಡದ ಮಹಾಶಯರು, ಕಲ್ಲುಕುಟಿಗನ ಕೈಯ ಅಳತೆಯನ್ನು ನಮಗೆ ಹೇಳಬಂದಿದ್ದಾರೆ.

ಇದು ಬಿಡುವಿನ ಹರಟೆ, ಇದರಿಂದ ಯಾರಿಗೇನು ನಷ್ಟ ಎಂದು ಕೆಲವರು ಕೇಳುತ್ತಾರೆ. ನಷ್ಟ ಉಂಟು. ದುಡಿದವನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿ, ಗೇಟಿನೊಳಕ್ಕೇ ಬಾರದವನೊಬ್ಬನ ಹೆಸರನ್ನು ಅಲ್ಲಿ ಬರೆದರೆ ಗಿರಣಿ ಕೆಲಸಗಾರ ಅದನ್ನು ಹರಟೆ ಎಂದು ಬಿಡುವನೆ? ಒಬ್ಬ ಕೊಟ್ಟ ಹಣವನ್ನು ಇನ್ನೊಬ್ಬನ ಖಾತೆಗೆ ಜಮಾ ಮಾಡಿದರೆ ವ್ಯಾಪಾರಿ ಸುಮ್ಮನಿರುವನೆ? ಇಲ್ಲಿ ನಡೆಯುತ್ತಿರುವುದು ಅದೇ. ಮನುಷ್ಯಕುಲ ಮಾಡಿದ ದೊಡ್ಡ ಕೆಲಸಗಳ ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆಯಲಾಗುತ್ತಿದೆ.

ಈ ಪುರಾಣ ಬಹಳ ಹಳೆಯದೇನೂ ಅಲ್ಲ. 1968ರಲ್ಲಿ ಸ್ವಿಟ್ಸರ್ಲೆಂಡಿನ ಏರಿಕ್ ಫಾನ್ ಡ್ಯಾನಿಕೆನ್ ಎಂಬ ಹೋಟೆಲು ವ್ಯವಸ್ಥಾಪಕನೊಬ್ಬ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕ ಹೊರಡಿಸಿದನು. ಇಂಗ್ಲಿಷಿನಲ್ಲಿ ಅದು 'ದೇವತೆಗಳ ರಥಗಳು?' ಎಂಬರ್ಥದ ಹೆಸರಿನಿಂದ ಬಂದಿತು. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದುವು. 2009ರಿಂದ ಅಮೆರಿಕದ ಟೆಲಿವಿಷನ್ನು ಅದೇ ಸರಕನ್ನು ಧಾರಾವಾಹಿಯಾಗಿ ಮಾರಿತು. ಪುಸ್ತಕದ ಹೆಸರಿನ ಕೊನೆಯ ಪ್ರಶ್ನೆಯ ಚಿಹ್ನೆಯನ್ನು ಗಮನಿಸಿ. ಅದು ಬಹಳ ಅನುಕೂಲದ ಚಿಹ್ನೆ. 'ಹೀಗಿದೆ' ಎಂದವನು ಸಾಕ್ಷಿ ತರಬೇಕು, 'ಹೀಗಿರಬಹುದಲ್ಲವೆ?' ಎಂದವನು ಸಾಕ್ಷಿ ತರಬೇಕಾಗಿಲ್ಲ, ಪುಸ್ತಕ ಮಾರಿದರೆ ಸಾಕು.

ಹಾಜರಿ ಪುಸ್ತಕ ಸಿಕ್ಕಿದೆ

ಪಿರಮಿಡ್ಡಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಗೀಜಾದಲ್ಲಿರುವ ಖುಫು ದೊರೆಯ ಪಿರಮಿಡ್ಡು ಸುಮಾರು 4,500 ವರ್ಷ ಹಳೆಯದು. ಸುಮಾರು 23 ಲಕ್ಷ ಕಲ್ಲುಗಳನ್ನು ಪೇರಿಸಿ, 146 ಮೀಟರಿನಷ್ಟು ಎತ್ತರಕ್ಕೆ ಎಬ್ಬಿಸಿದ ರಾಶಿ. ದೊಡ್ಡ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಾಡಿದವರು ಗುರುತು ಬಿಡದೆ ಹೋಗಿದ್ದಾರೆಯೆ?

2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್ ಎಂಬಲ್ಲಿ ಫ್ರಾನ್ಸಿನ ಪಿಯೆರ್ ತಾಲೆ ಎಂಬ ವಿದ್ವಾಂಸರ ತಂಡಕ್ಕೆ ಪಪೈರಸ್ ಹಾಳೆಗಳು ದೊರೆತುವು. ಬರಹವಿರುವ ಪಪೈರಸ್ ಹಾಳೆಗಳಲ್ಲಿ ಅವಕ್ಕಿಂತ ಹಳೆಯವು ದೊರೆತಿಲ್ಲ. ಅವುಗಳಲ್ಲಿ ಮಂತ್ರವಿಲ್ಲ, ರಥವಿಲ್ಲ. ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಅಲ್ಲಿದೆ. ಈ ದಿನ ತೂರಾದ ಗಣಿಯಲ್ಲಿ ಸುಣ್ಣಕಲ್ಲು ದೋಣಿಗೆ ತುಂಬಿದೆವು, ಈ ದಿನ ನದಿಯಲ್ಲಿ ಸಾಗಿದೆವು, ಈ ದಿನ ಗೀಜಾ ಮುಟ್ಟಿದೆವು, ಮತ್ತೆ ಗಣಿಗೆ ಹೊರಟೆವು. ದಿನದಿನದ ಲೆಕ್ಕ ಅದು. ಜೊತೆಯ ಹಾಳೆಗಳಲ್ಲಿ ಆಳುಗಳಿಗೆ ಬಂದ ಆಹಾರದ ಲೆಕ್ಕ. ಹಾಜರಿ ಪುಸ್ತಕ ಎಂದು ನಾವು ಮೇಲೆ ಬರೆದದ್ದು ಬರಿಯ ಉಪಮೆಯಲ್ಲ; ಪುಸ್ತಕವೇ ಕೈಗೆ ಸಿಕ್ಕಿದೆ.

ಇನ್ನೂ ಉಂಟು. 1990ರಲ್ಲಿ ಪಿರಮಿಡ್ಡಿನ ಸಮೀಪದಲ್ಲೇ ಕೆಲಸಗಾರರ ಸಮಾಧಿಗಳು ಪತ್ತೆಯಾದುವು. ಆ ಎಲುಬುಗಳಲ್ಲಿ ಭಾರ ಹೊತ್ತು ಸವೆದ ಬೆನ್ನುಮೂಳೆಗಳಿವೆ. ಮುರಿದು, ಕಟ್ಟು ಹಾಕಿಸಿಕೊಂಡು, ಮತ್ತೆ ಕೂಡಿಕೊಂಡ ಕೈಗಳಿವೆ. ಬೇರೆ ಲೋಕದವರಿಗೂ ಬೆನ್ನು ನೋಯುತ್ತಿತ್ತೊ? ಅವರ ಸಲುವಾಗಿ ರೊಟ್ಟಿ ಸುಡುತ್ತಿದ್ದ ಭಟ್ಟಿಗಳು ಅಗೆತದಲ್ಲಿ ಹೊರಬಂದಿವೆ. ಪಿರಮಿಡ್ಡಿನ ಒಳಗೆ, ಯಾರೂ ನೋಡದ ಸಂದಿಯ ಕಲ್ಲುಗಳ ಮೇಲೆ, ಕೆಲಸದ ತಂಡಗಳು ಕೆಂಪು ಬಣ್ಣದಲ್ಲಿ ತಮ್ಮ ಹೆಸರು ಬರೆದುಕೊಂಡಿವೆ. ಒಂದು ತಂಡ ತನ್ನನ್ನು ಖುಫುವಿನ ಗೆಳೆಯರೆಂದು ಕರೆದುಕೊಂಡಿತು. ಇನ್ನೊಬ್ಬ ದೊರೆಯಾದ ಮೆನ್‌ಕೌರೆಯ ಕೆಲಸದಲ್ಲಿದ್ದ ತಂಡವೊಂದು ತನ್ನನ್ನು ದೊರೆಯ ಕುಡುಕರೆಂದೇ ಕರೆದುಕೊಂಡಿತು! ಪಾಳಿಯ ಜೊತೆಗಾರರು ಒಬ್ಬರಿಗೊಬ್ಬರು ಅಡ್ಡಹೆಸರಿಟ್ಟು ನಗುವುದನ್ನು ಕಂಡವರಿಗೆ ಈ ಬರಹ ಯಾರದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪಿರಮಿಡ್ಡಿನ ಕಾಲಕ್ಕೆ ಸಾವಿರದ ನಾನೂರು ವರ್ಷ ಈಚೆಗೆ, ಅದೇ ದೇಶದಲ್ಲಿ ಮೂರನೆಯ ರಾಮ್ಸೆಸ್ ಆಳಿದನು. ದೊರೆಗಳ ಸಮಾಧಿ ಕೊರೆಯುವ ಕೆಲಸಗಾರರಿಗೆ ಕೂಲಿಯ ಧಾನ್ಯ ಬರುವುದು ತಡವಾಯಿತು. ಆತನ ಆಳ್ವಿಕೆಯ 29ನೆಯ ವರ್ಷದಲ್ಲಿ ಅವರು ಕೆಲಸ ನಿಲ್ಲಿಸಿ, ಸಾಲಾಗಿ ಹೊರಟು, ದೇವಾಲಯದ ಹಿಂದೆ ಹೋಗಿ ಕುಳಿತರು. ಹಸಿವಿನಿಂದ ಇಲ್ಲಿಗೆ ಬಂದಿದ್ದೇವೆ ಎಂದರು. ಆ ಮುಷ್ಕರದ ವರದಿಯನ್ನು ಬರೆದಿಟ್ಟ ಹಾಳೆ ಇಂದು ಇಟಲಿಯ ಟ್ಯೂರಿನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಬರಹದಲ್ಲಿ ಉಳಿದುಬಂದ ಮುಷ್ಕರಗಳಲ್ಲಿ ಇದೇ ಮೊದಲನೆಯದು. ವಿಮಾನದಿಂದ ಇಳಿದು ಬಂದವರು ಧಾನ್ಯದ ಬಾಕಿಗಾಗಿ ಧರಣಿ ಕೂರುವರೆ?

ರೂವಾರಿಯ ರುಜು

ಇನ್ನು ನಮ್ಮ ನಾಡಿಗೆ ಬರೋಣ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕಂಬಗಳು ನುಣ್ಣಗೆ, ದುಂಡಗೆ, ಬಳೆ ತೊಡಿಸಿದಂತೆ ಇವೆ. ಇವು ಯಂತ್ರದ ಕೆಲಸ, ಆ ಕಾಲದಲ್ಲಿ ಯಂತ್ರವೆಲ್ಲಿತ್ತು, ಆದುದರಿಂದ ಆಕಾಶದಿಂದ ಬಂದಿರಬೇಕು ಎಂಬುದು ಇವರ ತರ್ಕ. ಯಂತ್ರವೆಂದ ಮಾತ್ರಕ್ಕೆ ಅದು ಆಕಾಶದ್ದೇ ಆಗಬೇಕೆ? ಕುಂಬಾರನ ತಿಗರಿ ಯಂತ್ರವಲ್ಲವೆ? ಎಣ್ಣೆಯ ಗಾಣ ಯಂತ್ರವಲ್ಲವೆ? ಕಂಬವನ್ನು ಲೇತಿನಂತೆ ತಿರುಗಿಸಿ ಕಡೆದರೆಂಬುದನ್ನು ವಿದ್ವಾಂಸರು ಎಂದೋ ಬರೆದಿದ್ದಾರೆ. ಕಲ್ಲು ಬಳಪದ ಕಲ್ಲಿನ ಜಾತಿಯದು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಇದನ್ನು ಅರಿತು ಕಲ್ಲನ್ನು ಆರಿಸಿದ್ದು ಕುಶಲ ಕೆಲಸಗಾರನ ಬುದ್ಧಿ. ಟರ್ನರ್ ಕೆಲಸ ಬಲ್ಲ ಯಾರನ್ನಾದರೂ ಆ ಕಂಬದ ಮುಂದೆ ನಿಲ್ಲಿಸಿ. ಪವಾಡ ಕಂಡವನಂತೆ ಅವನು ಕೈಮುಗಿಯುವುದಿಲ್ಲ, ತನ್ನ ಕಸುಬಿನ ಹಿರಿಯನನ್ನು ಕಂಡವನಂತೆ ತಲೆದೂಗುತ್ತಾನೆ.

ಅಷ್ಟೇ ಅಲ್ಲ, ಹೊಯ್ಸಳರ ಶಿಲ್ಪಿಗಳು ರುಜು ಹಾಕಿದ್ದಾರೆ. ಬೇಲೂರಿನ ಮದನಿಕೆಯರನ್ನು ಕಡೆದವರಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರುಂಟು, ಅವನ ಮಗ ಚಾವಣನ ಹೆಸರುಂಟು. 1258ರ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಅಪ್ಪ, ಮಗ, ಊರು ಎಲ್ಲವನ್ನೂ ಕಲ್ಲಿನಲ್ಲಿ ಕೊರೆದು ಹೋಗಿದ್ದಾರೆ. ಇದಕ್ಕಿಂತ ಹೆಚ್ಚಿನ ರಸೀದಿ ಇನ್ನಾವುದು ಬೇಕು? ಆ ರುಜು ಹಳಗನ್ನಡದಲ್ಲಿದೆ. ಅದನ್ನು ಓದಲು ನಾಲ್ಕು ದಿನ ಕಲಿಯಬೇಕು. ವಿಮಾನದ ಕಥೆ ಕೇಳಲು ಏನೂ ಕಲಿಯಬೇಕಾಗಿಲ್ಲ. ಭೇದ ಅಷ್ಟೆ.

ಎಲ್ಲೋರದ ಕೈಲಾಸವೂ ನಮಗೆ ದೂರದ್ದಲ್ಲ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೆಲಸ ಅದು. ಅದೇ ವಂಶದವರು ಮುಂದೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದರು. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತ ಬಂದರು. ಶಿಖರ ಮೊದಲು, ತಳ ಕಡೆಗೆ. ಹೀಗೆ ಮಾಡಿದರೆ ಎತ್ತರದ ಅಟ್ಟಣೆ ಕಟ್ಟುವ ಕಷ್ಟವಿಲ್ಲ. ಇದು ಪವಾಡವಲ್ಲ, ಕೆಲಸದ ಉಪಾಯ. ಉಳಿಯ ಗೀರುಗಳು ಇಂದಿಗೂ ಅಲ್ಲಿನ ಗೋಡೆಗಳ ಮೇಲಿವೆ. ನಕ್ಷತ್ರಗಳ ನಡುವೆ ಹಾರುವ ವಿದ್ಯೆ ಬಲ್ಲವರು ಕಬ್ಬಿಣದ ಉಳಿ ಹಿಡಿದು ಕುಟ್ಟುತ್ತ ಕುಳಿತರೆಂದು ನಾವು ನಂಬಬೇಕೊ?

ಈ ಜಾತಿಯ ಅಪಹಾರ ಆಕಾಶದವರ ಕಥೆಗಿಂತ ಹಿಂದಿನದು. ಆಫ್ರಿಕದ ಜಿಂಬಾಬ್ವೆಯಲ್ಲಿ ಗಾರೆಯಿಲ್ಲದೆ ಕಟ್ಟಿದ ಭಾರಿ ಕಲ್ಲಿನ ಗೋಡೆಗಳಿವೆ. ಅವುಗಳನ್ನು ಕಂಡ ಬಿಳಿಯರು, ಕರಿಯರಿಂದ ಇದು ಸಾಧ್ಯವಿಲ್ಲ, ಫಿನೀಷಿಯದವರೊ ಶೀಬಾ ರಾಣಿಯೊ ಕಟ್ಟಿಸಿರಬೇಕು ಎಂದರು. 1905ರಲ್ಲಿ ರ್ಯಾಂಡಲ್ ಮೆಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅಗೆದು ನೋಡಿ, ಇದು ಆಫ್ರಿಕದವರದೇ ಕೆಲಸವೆಂದು ತೋರಿಸಿಕೊಟ್ಟರು. ಆದರೂ ರೊಡೀಷಿಯದ ಬಿಳಿಯ ಸರ್ಕಾರಕ್ಕೆ ಆ ಸತ್ಯ ಹಿಡಿಸಲಿಲ್ಲ. ಯಾಕೆಂದರೆ ಕಟ್ಟಬಲ್ಲವನೆಂದು ಒಪ್ಪಿದರೆ, ಆಳಬಲ್ಲವನೆಂದೂ ಒಪ್ಪಬೇಕಾಗುತ್ತದೆ. ಅಂದು ಶೀಬಾ ರಾಣಿ ಕುಳಿತಿದ್ದ ಜಾಗದಲ್ಲಿ ಇಂದು ಹಾರುವ ತಟ್ಟೆಯವನು ಕುಳಿತಿದ್ದಾನೆ. ಹಸ್ತ ಮಾತ್ರ ಅಂದಿನಂತೆ ಇಂದಿಗೂ ದುಡಿದವನ ಜೇಬಿನಲ್ಲೇ ಇದೆ.

ಹಾಗಾದರೆ ಆಕಾಶ ಬರಿದೆ?

ಇಷ್ಟು ಓದಿದವರು, ಬೇರೆ ಲೋಕಗಳಲ್ಲಿ ಜೀವವೇ ಇಲ್ಲವೆಂದು ನಾವು ಸಾಧಿಸುತ್ತಿದ್ದೇವೆಂದು ತಿಳಿಯಬಾರದು. ನಾವು ಪಾಠ ಹೇಳುತ್ತಿದ್ದ ದಿನಗಳಲ್ಲಿ, ಆ ಚುಕ್ಕಿಯಲ್ಲಿ ಯಾರಾದರೂ ಇದ್ದಾರೆಯೆ ಮೇಷ್ಟ್ರೆ ಎಂದು ಕೇಳದ ತರಗತಿಯೇ ಇರಲಿಲ್ಲ. ಅದು ಒಳ್ಳೆಯ ಪ್ರಶ್ನೆ. ಹೊಟ್ಟೆ ತುಂಬಿದವರಿಗೆ ಮಾತ್ರ ಮೀಸಲಾದ ಪ್ರಶ್ನೆಯೂ ಅಲ್ಲ. 1995ರಲ್ಲಿ ನಮ್ಮ ಸೂರ್ಯನಂಥ ಇನ್ನೊಂದು ನಕ್ಷತ್ರದ ಸುತ್ತ ತಿರುಗುವ ಗ್ರಹ ಮೊದಲಬಾರಿಗೆ ಪತ್ತೆಯಾಯಿತು; 2025ರ ಹೊತ್ತಿಗೆ ಹೀಗೆ ಖಚಿತವಾದ ಗ್ರಹಗಳ ಎಣಿಕೆ 6,000 ದಾಟಿತು. ಇಷ್ಟು ನೆಲದಲ್ಲಿ ಎಲ್ಲಿಯೊ ಒಂದು ಕಡೆ ಹಸಿರು ಚಿಗುರಿರಬಹುದೆಂದು ಆಶಿಸುವುದು ತಪ್ಪಲ್ಲ.

ಆದರೆ ಇರಬಹುದು ಎಂಬುದು ಬೇರೆ, ಬಂದು ಹೋದರು ಎಂಬುದು ಬೇರೆ. ದೂರವನ್ನು ಸ್ವಲ್ಪ ಲೆಕ್ಕ ಹಾಕಿ. 1977ರಲ್ಲಿ ಹಾರಿಸಿದ ವಾಯೇಜರ್ 1 ಎಂಬ ನೌಕೆ ಒಂದು ಸೆಕೆಂಡಿಗೆ ಸುಮಾರು 17 ಕಿಲೋಮೀಟರು ಓಡುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಅಷ್ಟು ದೂರ ಸಾಗಲು ಆ ವೇಗದಲ್ಲಿ 70,000 ವರ್ಷಗಳಿಗೂ ಹೆಚ್ಚು ಬೇಕು. ಇದನ್ನು ದಾಟಿ ಯಾರೊ ಬಂದರೆನ್ನುವವನು ಪ್ರಶ್ನೆಯ ಚಿಹ್ನೆಯನ್ನಲ್ಲ, ಸಾಕ್ಷಿಯನ್ನು ತರಬೇಕು.

ಸಾಕ್ಷಿಯನ್ನು ಹೇಗೆ ಹುಡುಕಬೇಕೆಂದು ತಿಳಿಯಲು ಜೋಸೆಲಿನ್ ಬೆಲ್ ಎಂಬ ಹೆಣ್ಣುಮಗಳ ಕಥೆ ಕೇಳಿ. ಆಕೆ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಸಂಶೋಧನೆಗೆ ಸೇರಿದಾಗ ರೇಡಿಯೋ ದೂರದರ್ಶಕವಿನ್ನೂ ಕಟ್ಟಬೇಕಾಗಿತ್ತು. ನಾಲ್ಕೂವರೆ ಎಕರೆ ನೆಲದಲ್ಲಿ ಸುತ್ತಿಗೆ ಹಿಡಿದು ಕಂಬ ನೆಟ್ಟು, ತಂತಿ ಎಳೆದು, ಸಂಗಡಿಗರೊಡನೆ ಎರಡು ವರ್ಷ ದುಡಿದಳು. ಆಮೇಲೆ ಯಂತ್ರದಿಂದ ದಿನಕ್ಕೆ ನೂರು ಅಡಿಯಷ್ಟು ಉದ್ದ ಹೊರಬರುತ್ತಿದ್ದ ಕಾಗದವನ್ನು ಕಣ್ಣಿನಲ್ಲೇ ಓದಿದಳು. 1967ರಲ್ಲಿ ಆ ಕಾಗದದ ಮೇಲೆ ಒಂದು ಸಣ್ಣ ಕಲೆ ಕಂಡಿತು. ವಿಚಾರಿಸಿ ನೋಡಿದರೆ ಅದು ಗಡಿಯಾರದಂತೆ, 1.34 ಸೆಕೆಂಡಿಗೊಮ್ಮೆ ತಪ್ಪದೆ ಬಡಿಯುವ ನಾಡಿ! ಪುಟ್ಟ ಹಸಿರು ಮನುಷ್ಯರು ಕರೆಯುತ್ತಿರಬಹುದೆಂದು ಅವರು ತಮಾಷೆಗೆ ಅದಕ್ಕೆ ಆ ಹೆಸರನ್ನೇ ಇಟ್ಟರು.

ಇಂಥ ಸುದ್ದಿ ಡ್ಯಾನಿಕೆನ್ ಕೈಗೆ ಸಿಕ್ಕಿದ್ದರೆ ನಾಳೆಯೇ ಪುಸ್ತಕ! ಇವರು ಹಾಗೆ ಮಾಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯಂತೆ ನಡೆದರು. ಅದು ಯಂತ್ರದ ದೋಷವೆ? ಭೂಮಿಯ ಮೇಲಿನ ಸದ್ದೆ? ಗ್ರಹವೊಂದರಿಂದ ಬರುವುದಾದರೆ ಗ್ರಹದ ಚಲನೆ ಅದರಲ್ಲಿ ಕಾಣಬೇಕಲ್ಲವೆ? ಕಾಣಲಿಲ್ಲ. ಅದೇ ವರ್ಷದ ಕೊನೆಗೆ ಬೆಲ್ ಆಕಾಶದ ಇನ್ನೊಂದು ದಿಕ್ಕಿನಲ್ಲಿ ಇಂಥದೇ ಇನ್ನೊಂದು ನಾಡಿಯನ್ನು ಕಂಡಳು. ಎರಡು ಲೋಕದವರು ಏಕಕಾಲಕ್ಕೆ ನಮ್ಮನ್ನೇ ಕರೆಯುವರೆ? ಹಸಿರು ಮನುಷ್ಯರನ್ನು ಬಿಟ್ಟುಕೊಟ್ಟರು. ಅದಕ್ಕೆ ಬದಲಾಗಿ ಅತಿ ವೇಗದಲ್ಲಿ ಗಿರಗಿರನೆ ಸುತ್ತುವ ಹೊಸ ಜಾತಿಯ ನಕ್ಷತ್ರವೇ ಲೋಕಕ್ಕೆ ದೊರೆಯಿತು. ಸುಳ್ಳನ್ನು ಬಿಟ್ಟವರಿಗೆ ಅದಕ್ಕಿಂತ ದೊಡ್ಡ ಬೆರಗು ಸಿಕ್ಕಿತು.

ಕಥೆಯ ಬಾಲವೊಂದುಂಟು. 1974ರಲ್ಲಿ ಈ ಕೆಲಸಕ್ಕಾಗಿ ನೊಬೆಲ್ ಪಾರಿತೋಷಕ ಅವಳ ಗುರು ಹ್ಯೂವಿಷರಿಗೆ ಬಂದಿತು. ಅದೇ ವರ್ಷದ ಬಹುಮಾನದಲ್ಲಿ ರೈಲ್ ಎಂಬವರಿಗೂ ಪಾಲಿತ್ತು. ಕಂಬ ನೆಟ್ಟು ಕಾಗದ ಓದಿದವಳ ಹೆಸರು ಅದರಲ್ಲಿ ಇಲ್ಲ! 2018ರಲ್ಲಿ ತನಗೆ ಬಂದ 30 ಲಕ್ಷ ಡಾಲರಿನ ಬೇರೊಂದು ಬಹುಮಾನವನ್ನು ಆಕೆ, ಅವಕಾಶವಿಲ್ಲದ ವಿದ್ಯಾರ್ಥಿಗಳ ಓದಿಗೆಂದು ಪೂರ್ತಿಯಾಗಿ ಕೊಟ್ಟುಬಿಟ್ಟರು. ಹಾಜರಿ ಪುಸ್ತಕದಿಂದ ಹೆಸರು ಹೊಡೆಯುವ ಚಾಳಿ ವಿದ್ವಾಂಸರ ಮನೆಯಲ್ಲೂ ಉಂಟೆಂಬುದನ್ನು ನಾವು ಮರೆಮಾಡುವುದಿಲ್ಲ.

ಇಂದಿಗೂ ಸರಿಯಾದ ದಾರಿ ಅದೇ. 2025ರ ಏಪ್ರಿಲಿನಲ್ಲಿ ಕೇಂಬ್ರಿಜ್ಜಿನ ನಿಕ್ಕು ಮಧುಸೂದನ್ ಅವರ ತಂಡ, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ಗಾಳಿಯಲ್ಲಿ ಜೀವಿಗಳಿಂದ ಹುಟ್ಟಬಹುದಾದ ಒಂದು ಅನಿಲದ ಸುಳಿವಿದೆ ಎಂದಿತು. ಕೂಡಲೆ ಬೇರೆ ವಿಜ್ಞಾನಿಗಳು ಅದೇ ಅಂಕಿಗಳನ್ನು ಮತ್ತೆ ತೂಗಿ, ಸಾಕ್ಷಿ ಸಾಲದು ಎಂದರು. ಯಾರೂ ಯಾರನ್ನೂ ನಂಬಿ ಎನ್ನಲಿಲ್ಲ. ತಕ್ಕಡಿಯನ್ನು ಎಲ್ಲರ ಮುಂದೆ ಇಟ್ಟರು. ವ್ಯಾಪಾರವೂ ಹೀಗೆ ನಡೆಯಬೇಕು, ವಿಚಾರವೂ ಹೀಗೆ ನಡೆಯಬೇಕು.

ಆದುದರಿಂದ ಬಂಧುಗಳೆ, ರಾತ್ರಿ ಪಾಳಿ ಮುಗಿಸಿ ಬರುವಾಗ ತಲೆಯೆತ್ತಿ ಚುಕ್ಕಿಗಳನ್ನು ನೋಡಿ. ಅಲ್ಲಿ ಯಾರಿದ್ದಾರೆಂದು ಕೇಳಿ. ಆ ಪ್ರಶ್ನೆ ನಿಮ್ಮದೂ ಹೌದು. ಆದರೆ ನಿಮ್ಮ ಕೈಯಂಥ ಕೈಗಳು ಮಾಡಿದ ಕೆಲಸವನ್ನು ಅಲ್ಲಿನವರ ಖಾತೆಗೆ ಬರೆಯಲು ಯಾರಾದರೂ ಬಂದರೆ, ಲೆಕ್ಕದ ಪುಸ್ತಕ ತೆರೆದು ತೋರಿಸಿ. ಅದರಲ್ಲಿ ಮೆರೆರನ ಹೆಸರಿದೆ, ದಾಸೋಜನ ಹೆಸರಿದೆ, ಮಲ್ಲಿತಮ್ಮನ ಹೆಸರಿದೆ. ಹೆಸರು ಬರೆಯಲು ಬಾರದೆ ಕಲ್ಲು ಹೊತ್ತವರ ಉಳಿಯ ಗೀರು ಇದೆ. ಆಕಾಶದವರ ರುಜು ಮಾತ್ರ ಇದುವರೆಗೆ ಒಂದೂ ಸಿಕ್ಕಿಲ್ಲ. ಸಿಕ್ಕಿದ ದಿನ ಅವರ ಲೆಕ್ಕವನ್ನೂ ನ್ಯಾಯವಾಗಿ ಬರೆಯೋಣ. ಅಲ್ಲಿಯವರೆಗೆ ನಮ್ಮವರ ಕೂಲಿಯನ್ನು ಬಿಟ್ಟುಕೊಡುವುದು ಬೇಡ.