ತಟ್ಟಿಯಾಗಿನ 40 ರೂಪಾಯಿ

ಬಾರ್ ಅಂದ್ರ ನಮ್ಮ ಕಡಿ ಹೆಣ್ಮಕ್ಕಳು ಸೆರಗ ಮುಂದಕ್ಕ ಎಳ್ಕೊಂಡು ಆ ಕಡಿ ನೋಡಲಾರದೇ ಹೋಗೋರು. ನಾನೂ ಹಂಗೇ ಇದ್ದಾಕಿ. ಖರೇ ಹೋದ ದೀಪಾವಳಿ ಆದ ಮ್ಯಾಲ ಪುಣೆಕ್ಕ ಮಗಳ ಮನಿಗಿ ಹೋದಾಗ, ಅಳಿಯ ಎಲ್ಲಾರಿಗೂ ಒಂದು ದೊಡ್ಡ ಹೊಟೇಲಿಗಿ ಕರ್ಕೊಂಡು ಹೋದ. ಅಲ್ಲಿ ಬಾಜೂಕ ಬಾರ್ ಕಟ್ಟಿ. ಶರಬತ್ತು, ಸೋಡಾ ಸೈತ ಅಲ್ಲಿಂದೇ ಬರ್ತಾವ. "ನಂಗ ಲಿಂಬು ಸೋಡಾ, ಸಕ್ರಿ ಬ್ಯಾಡ, ಉಪ್ಪು ಹಾಕು ಅಂತ ಹೇಳವಾ" ಅಂತ ಮಗಳಿಗಿ ಅಂದೆ. ಕಟ್ಟಿ ಹಿಂದಿನ ಹುಡುಗ ಮಾರಿ ಎತ್ತಿ, "ಅವ್ವಾರೆ, ಯಾ ಊರ್ರಿ?" ಅಂದ. ನೋಡಿದ್ರ ನಮ್ಮ ಅಫಜಲಪುರ ತಾಲೂಕಿನಂವ!

ನಮ್ಮ ಬಾಯಿ ಸುಮ್ಮ ಇರ್ತದೇನು? "ಪಗಾರ ಏಟಪ್ಪಾ?" ಅಂದೆ. "ಪಗಾರ ಖೋಲಿ ಬಾಡಿಗಿಗಿ ಹೋಗ್ತದ್ರಿ ಅವ್ವಾ, ಟಿಪ್ಸ್ ಬಂದದ್ದು ಊರಿಗಿ ಕಳಸ್ತೀನಿ" ಅಂದ.

ಬಿಲ್ಲು ಕೊಟ್ಟ ಮ್ಯಾಲ 40 ರೂಪಾಯಿ ಚಿಲ್ಲರೆ ತಟ್ಟಿಯಾಗ ವಾಪಸ್ ಬಂತು. ನಮ್ಮನಿಯವರು ಎಲ್ಲಾ ಆರಿಸಿ ಕಿಸೆಕ್ಕ ಹಾಕ್ಕೊಂಡ್ರು. ಎಲ್ಲಾ ಕೇಳಿದ ನಾನೂ ಸುಮ್ಮನೇ ಎದ್ದು ಬಂದೆ. ಅವತ್ತಿನ ರಾತ್ರಿ ನಿದ್ದಿ ಹತ್ತಲಿಲ್ಲ.

"ಕುಡ್ಯೋ ಜಾಗದಾಗಿನಂವಗ ಯಾಕ ಕೊಡ್ಬೇಕು?" ಅಂತ ನಮ್ಮವರ ಮಾತು. ಕುಡ್ಯೋದು ಗಿರಾಕಿ, ಅಂವಲ್ಲ. ಅಂವ ನಡುರಾತ್ರಿ ತನಕ ನಿಂತು ಗ್ಲಾಸು ತೊಳ್ಯೋನು. ಗಾಣಗಾಪುರಕ್ಕ ಹೋದ್ರ ದಾರಿ ಮ್ಯಾಲ ಕುಂತೋರಿಗಿ ಪುಣ್ಯ ಬರ್ತದಂತ ಚಿಲ್ಲರೆ ಕೊಟ್ಕೋತ ಹೋಗ್ತೀವಿ. ದುಡಿಯೋ ಹುಡುಗಗ ಕೊಡ್ಲಿಕ್ಕ ಮಾತ್ರ ಕೈ ಹಿಂದ ಸರೀತದ. ಇದು ಯಾ ನ್ಯಾಯ ಹೇಳ್ರಿ?

ಹಂಗಂತ ಕಣ್ಣ ಮುಚ್ಚಿ ಕೊಡೋದೂ ಬ್ಯಾಡ. ಬಿಲ್ಲಿನಾಗ 'ಸರ್ವಿಸ್ ಚಾರ್ಜ್' ಅಂತ ಹಾಕ್ಯಾರೇನು ಮೊದಲ ನೋಡ್ರಿ. 2022ರ ಜುಲೈದಾಗ ಕೇಂದ್ರದ ಗ್ರಾಹಕರ ಪ್ರಾಧಿಕಾರ ಅದು ತಾನಾಗೇ ಹಾಕಂಗಿಲ್ಲ ಅಂತ ಹೇಳ್ಯದ, 2025ರ ಮಾರ್ಚಿನಾಗ ದಿಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡದದ. ತೆಗೀರಿ ಅಂತ ಕೇಳ್ರಿ, ಒಲ್ಲೆ ಅಂದ್ರ 1915ಕ್ಕ ಫೋನ್ ಹಚ್ರಿ. ಆ ರೊಕ್ಕ ಮಾಲಕನ ಗಲ್ಲಾಕ್ಕ ಹೋಗ್ತದ. ಕೊಡೋದಿದ್ರ ಹುಡುಗನ ಕೈಯಾಗೇ ಕೊಡ್ರಿ. ಬಿಲ್ಲಿನ ಸಂಗಾಟ ಫೋನಿನಾಗ ಕಳ್ಸಿದ್ದು ಅಂವಗ ಮುಟ್ಟತದೋ ಇಲ್ಲೋ ಯಾರ ಬಲ್ಲರು.

ಅಮೆರಿಕಾದಾಗ ಟಿಪ್ಸ್ ಸಿಗೋ ಕೆಲಸಕ್ಕ ಅಲ್ಲಿನ ಕೇಂದ್ರ ಸರ್ಕಾರದ ಕಾಯ್ದೆ ಪ್ರಕಾರ ಮಾಲಕ ತಾಸಿಗಿ 2.13 ಡಾಲರ್ ಕೊಟ್ರೂ ನಡೀತದ, ಉಳಿದದ್ದು ಟಿಪ್ಸ್‌ನಾಗ ಬರ್ತದಂತ ಲೆಕ್ಕ. ಅದಕ್ಕ ಅಲ್ಲಿ ಗ್ಲಾಸಿಗಿಷ್ಟು ಅಂತ ಕಟ್ಟಿ ಮ್ಯಾಲ ಇಟ್ಟೇ ಬರ್ತಾರ. ನಮ್ಮಲ್ಲಿ ಹಂತಾ ಪದ್ಧತಿ ಬ್ಯಾಡೇ ಬ್ಯಾಡ. ಪಗಾರ ಕೊಡೋದು ಮಾಲಕನ ಕೆಲಸ. ಟಿಪ್ಸ್ ಅಂದ್ರ ನಮ್ಮ ಖುಷಿ. ಸಿಲಿಂಡರ್ ತಂದೋರು ಬಾಗಲಾಗ ನಿಂತು ಬಿಲ್ಲಿಗಿಂತ ಹೆಚ್ಚ ಕೇಳಿದ್ರ ಅದು ಖುಷಿ ಅಲ್ಲ, ಮನಿಗಿ ಮುಟ್ಸೋ ಖರ್ಚು ಬಿಲ್ಲಿನಾಗೇ ಇರ್ತದ.

ಆಳಂದ, ಅಫಜಲಪುರ, ಜೇವರ್ಗಿ ಕಡಿಂದ ಎಷ್ಟು ಮಕ್ಕಳು ಪುಣೆ, ಮುಂಬೈ, ಹೈದ್ರಾಬಾದಿಗಿ ದುಡೀಲಿಕ್ಕ ಹೋಗ್ಯಾರ. ನಿಮ್ಮ ಮನೀದೂ ಒಂದು ಇರಬಹುದು. ಯಾವದೋ ಊರಾಗ ಯಾರೋ ಒಬ್ಬಾಕಿ ಅಂವಗ 20 ರೂಪಾಯಿ ಕೊಟ್ಟು "ಊಟ ಮಾಡಿದ್ಯಾ ತಮ್ಮಾ" ಅಂತ ಕೇಳಲಿ ಅಂತ ನಿಮಗ ಅನಸ್ತದಲ್ಲಾ? ಹಂಗಾದ್ರ ನಾವೂ ಕೇಳೋಣು. ಈಗ ನಾ ಹೊರಗ ಹೊಂಟ್ರ ಚೀಲದಾಗ ಎರಡು ಹತ್ತರ ನೋಟು ಬ್ಯಾರೇ ಇಟ್ಕೋತೀನಿ.